ಎಡಮುರಿ, ಬಲಮುರಿ

ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ತೀರದಲ್ಲಿ ಬಲಮುರಿ, ಎಡಮುರಿ ಅಂತ ಎರಡು ಜಾಗ ಇವೆಯಲ್ಲ, ಮೈಸೂರಿನವರಿಗೆ ಹೇಳಬೇಕಾಗಿಲ್ಲ. ಶಂಖದಲ್ಲೂ ಬಲಮುರಿ, ಗಣಪತಿಯ ಸೊಂಡಿಲಲ್ಲೂ ಬಲಮುರಿ. ಸುರುಳಿ ಯಾವ ಕಡೆ ತಿರುಗಿದೆ ಅನ್ನೋದು ನಮ್ಮವರಿಗೆ ಮೊದಲಿಂದಲೂ ಮುಖ್ಯ. ಆದರೆ ಎಡಮುರಿ ಶಂಖವನ್ನು ಬೇರೆ ನೀರಿಗೆ ಹಾಕಿದರೆ ಬಲಮುರಿ ಆಗತ್ತಾ? ಇಲ್ಲ. ಕೆಲವು ಪಾಲಿಮರ್‌ಗಳು ಆಗ್ತವೆ ಕಣ್ರೀ!

ಪ್ರೋಲೀನ್ ಅನ್ನೋ ಅಮೈನೋ ಆಮ್ಲವನ್ನೇ ಮಣಿಗಳ ಹಾಗೆ ಪೋಣಿಸಿ ಲ್ಯಾಬಿನಲ್ಲಿ ತಯಾರಿಸಿದ ಸರ ಪಾಲಿಪ್ರೋಲೀನ್. ಪ್ರೊಪನಾಲ್‌ನಲ್ಲಿ ಇದು ಅಡಕವಾದ ಬಲಮುರಿ ಸುರುಳಿ. ನೀರಿಗೆ ಹಾಕಿದರೆ ನಿಧಾನಕ್ಕೆ ಬಿಚ್ಚಿಕೊಂಡು ಎಡಮುರಿಯಾಗತ್ತೆ. ಮಣಿಯಿಂದ ಮಣಿಗೆ 1.9 ಆಂಗ್‌ಸ್ಟ್ರಾಮ್ ಇದ್ದ ಏರು 3.1 ಆಗತ್ತೆ. ಮಣಿಗಳು ಒಂದಿಷ್ಟೂ ಬದಲಾಗಲ್ಲ, ಅವುಗಳ ನಡುವಿನ ಕೊಂಡಿ ಸಿಸ್‌ನಿಂದ ಟ್ರಾನ್ಸ್‌ಗೆ ಮಗುಚಿಕೊಳ್ಳತ್ತೆ, ಅಷ್ಟೆ.

ಈ ಎಡಮುರಿ ರೂಪದ ರಚನೆಯನ್ನು 1955ರಲ್ಲಿ ಕಂಡುಹಿಡಿದದ್ದು ಇಲ್ಲೇ ಲಂಡನ್ನಿನ ಕಿಂಗ್ಸ್ ಕಾಲೇಜಿನ ಕೊವನ್ ಮತ್ತು ಮೆಕ್‌ಗ್ಯಾವಿನ್. ಅದರ ಮೇಲೆ ಮತ್ತೆ ಕೆಲಸ ಮಾಡಿ 1959ರಲ್ಲಿ ಪ್ರಕಟಿಸಿದವರು ಮದರಾಸಿನ ವಿ. ಶಶಿಶೇಖರನ್, ಜಿ.ಎನ್. ರಾಮಚಂದ್ರನ್ ಅವರ ಶಿಷ್ಯ. ಗುರುಗಳಿಗೆ ಆಗ ಕೊಲಾಜೆನ್‌ನದೇ ಧ್ಯಾನ. ನಮ್ಮ ಚರ್ಮ, ಮೂಳೆಯಲ್ಲಿರೋ ಈ ಪ್ರೋಟೀನಿನಲ್ಲಿ ಮೂರು ಎಳೆ. ಒಂದೊಂದೂ ಪಾಲಿಪ್ರೋಲೀನಿನ ಥರ ಎಡಮುರಿ, ಮೂರೂ ಸೇರಿ ಹೆಣೆದುಕೊಂಡಾಗ ಬಲಮುರಿ. ಹಗ್ಗ ಹೊಸೆದವರಿಗೆ ಗುಟ್ಟು ಗೊತ್ತು: ಎಳೆಯ ಹುರಿ ಒಂದು ಕಡೆ, ಹಗ್ಗದ ಹುರಿ ಇನ್ನೊಂದು ಕಡೆ ಇದ್ದರೇ ಬಿಚ್ಚಿಹೋಗಲ್ಲ.

(ರಾಮಚಂದ್ರನ್ ಹೆಸರು ಬಂತಲ್ಲ, ಒಂದು ಮಾತು ಹೇಳಿ ಮುಂದೆ ಹೋಗ್ತೀನಿ. ನಾನಿರೋ ಹೇಸ್‌ನ ಇಎಮ್‌ಐ ಪ್ರಯೋಗಾಲಯದಲ್ಲೇ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ಸಿ.ಟಿ. ಸ್ಕ್ಯಾನರ್ ಮಾಡಿದ್ದು. ರೋಗಿಯ ಮೊದಲ ಸ್ಕ್ಯಾನ್ ಆದದ್ದು 1971ರಲ್ಲಿ. ಅದೇ ವರ್ಷ ರಾಮಚಂದ್ರನ್, ಎ.ವಿ. ಲಕ್ಷ್ಮೀನಾರಾಯಣನ್ ಸೇರಿ ಎಕ್ಸ್‌ರೇಗಳಿಂದ ಒಳಚಿತ್ರ ಕಟ್ಟೋಕೆ ಕಾನ್‌ವಲ್ಯೂಶನ್ ವಿಧಾನ ಪ್ರಕಟಿಸಿದರು. ಆಮೇಲಿನ ಸ್ಕ್ಯಾನರ್‌ಗಳು ಬಹಳ ವರ್ಷ ಆ ಥರದ ವಿಧಾನವನ್ನೇ ಬಳಸಿದವು. ಕೋಡು ಬರೆಯೋ ನಮಗೆ ಇದು ಹೆಮ್ಮೆಯ ವಿಷಯ ಅಲ್ವಾ?)

ಗುರುಶಿಷ್ಯರಿಬ್ಬರೂ ಬೆಂಗಳೂರಿನ ಟಾಟಾ ಇನ್ಸ್‌ಟಿಟ್ಯೂಟ್‌ಗೆ ಬಂದರು. ಅಷ್ಟರಲ್ಲಿ, 1972ರಲ್ಲಿ, ಜರ್ಮನಿಯಲ್ಲಿ ಪೋಲ್ ಮತ್ತು ಯೋವಿನ್ ಕೃತಕ ಡಿಎನ್‌ಎ ಒಂದನ್ನು, ಅಂದರೆ ಜಿ-ಸಿ ಅಕ್ಷರಗಳು ಒಂದಾದ ಮೇಲೊಂದು ಬರೋ ಪಾಲಿಮರನ್ನು, ಗಟ್ಟಿ ಉಪ್ಪುನೀರಿಗೆ ಹಾಕಿ ನೋಡಿದ್ದರು. ಲೀಟರಿಗೆ ಸುಮಾರು 150 ಗ್ರಾಂ ಉಪ್ಪು, ಸಮುದ್ರದ ನೀರಿನ ನಾಲ್ಕು ಪಟ್ಟು, ಒಳ್ಳೆ ಉಪ್ಪಿನಕಾಯಿ ಲೆಕ್ಕ! ಅದರ ರೋಹಿತ ಹೆಚ್ಚುಕಡಿಮೆ ತಲೆಕೆಳಗಾಯ್ತು. ಏನಾಯ್ತು ಅಂತ ಖಚಿತವಾಗಿ ಹೇಳೋರು ಯಾರೂ ಇರಲಿಲ್ಲ.

1976ರಿಂದ ಶಶಿಶೇಖರನ್ ಗುಂಪು ಒಂದು ದಿಟ್ಟ ಮಾತು ಹೇಳ್ತಾ ಬಂತು: ಡಿಎನ್‌ಎ ಎಡಮುರಿಯೂ ಆಗಬಹುದು, ಒಂದು ತುಂಡು ಬಲಕ್ಕೆ ಒಂದು ತುಂಡು ಎಡಕ್ಕೆ ತಿರುಗುತ್ತಾ ಎರಡು ಎಳೆಗಳು ಹೆಣೆದುಕೊಳ್ಳದೆ ಪಕ್ಕಪಕ್ಕ ನಿಲ್ಲಬಹುದು. ಹಾಗಿದ್ದರೆ ಜೀವಕೋಶ ಸೀಳುವಾಗ ಅಷ್ಟುದ್ದದ ಸುರುಳಿ ಬಿಚ್ಚೋ ತಾಪತ್ರಯವೇ ಇಲ್ಲ. ವಾಟ್ಸನ್-ಕ್ರಿಕ್ ಮಾದರಿಗೇ ಕೈ ಹಾಕಿದ್ದು! 1979ರಲ್ಲಿ ಖುದ್ದು ಕ್ರಿಕ್, ವಾಂಗ್ ಮತ್ತು ಬಾವರ್ ಉತ್ತರ ಬರೆದರು: ಉಂಗುರದಂಥ ಡಿಎನ್‌ಎಯಲ್ಲಿ ಎಳೆಗಳು ಎಷ್ಟು ಸಲ ಸುತ್ತಿಕೊಂಡಿವೆ ಅಂತ ಎಣಿಸಿದರೆ ಪಕ್ಕಪಕ್ಕದ ಮಾದರಿ ನಿಲ್ಲಲ್ಲ. ಆ ಮಾದರಿ ಅಲ್ಲಿಗೆ ಬಿತ್ತು.

ಆದರೆ ಅದೇ ವರ್ಷದ ಕೊನೆಗೆ ಎಮ್‌ಐಟಿಯ ಅಲೆಕ್ಸಾಂಡರ್ ರಿಚ್ ಗುಂಪು ಸಿಜಿಸಿಜಿಸಿಜಿ ತುಂಡಿನ ಹರಳನ್ನು ನೋಡಿದರೆ, ಅದು ಪೂರ್ತಿ ಎಡಮುರಿ! ಝಡ್-ಡಿಎನ್‌ಎ. ಬೆಂಗಳೂರಿನವರು ಬರೆದ ರೂಪ ಅದಲ್ಲ, ನಿಜ. ಹಾಗಂತ ಬರೀ ಸೋಲು ಅಂದುಬಿಡೋದು ಅನ್ಯಾಯ ಅಂತ ನನಗನ್ಸತ್ತೆ. ಎಡಕ್ಕೂ ದಾರಿ ಇದೆ ಅಂತ ಹರಳು ಸಿಗೋ ಮೊದಲೇ ಲೆಕ್ಕ ಹಾಕಿ ವಾದಿಸಿದ್ದರಲ್ಲ.

ಪೋಲ್-ಯೋವಿನ್‌ರ ಉಪ್ಪುನೀರಿನ ಪಾಲಿಮರೂ ಈ ಝಡ್ ರೂಪವೇ ಅಂತ 1981ರಲ್ಲಿ ತೋರಿಸಿಕೊಟ್ಟದ್ದು ಯಾವ ವಿಧಾನ ಗೊತ್ತಾ? ರಾಮನ್ ರೋಹಿತ. ಅದೇ ಸಿ.ವಿ. ರಾಮನ್, ರಾಮಚಂದ್ರನ್‌ಗೆ ಬೆಂಗಳೂರಿನಲ್ಲಿ ಗುರುಗಳಾಗಿದ್ದವರು.