ಪುರಾಣ ಹಚ್ಚುವ ಸೀಮೆ

ಒಬ್ಬರು ಕಟ್ಟಿದ ಕಥಾಲೋಕವನ್ನು ಮೆಚ್ಚಿದ ಇನ್ನೊಬ್ಬರು ಅದರೊಳಗೆ ಹೊಕ್ಕು, ಅಲ್ಲಿನ ಪಾತ್ರಗಳಿಗೆ ಹೊಸ ಪ್ರಸಂಗಗಳನ್ನು, ಕೆಲವೊಮ್ಮೆ ಹೊಸ ಹುಟ್ಟನ್ನೇ ಕಲ್ಪಿಸಿ ಬರೆಯುವ ಕಥೆಗೆ ಇಂದು ಫ್ಯಾನ್ ಫಿಕ್ಷನ್ ಎನ್ನುತ್ತಾರೆ. ಅದರ ಆಧುನಿಕ ಚರಿತ್ರೆಯನ್ನು 1967ರಲ್ಲಿ ಅಮೆರಿಕದ ‘ಸ್ಟಾರ್ ಟ್ರೆಕ್’ ಅಭಿಮಾನಿಗಳು ಹೊರತಂದ ‘ಸ್ಪಾಕನೇಲಿಯಾ’ ಎಂಬ ಕಿರುಪತ್ರಿಕೆಯಿಂದ ಆರಂಭಿಸುವುದು ವಾಡಿಕೆ. ಆದರೆ ಮೆಚ್ಚಿದ ಲೋಕವನ್ನು ಮತ್ತೆ ಕಟ್ಟುವ ಹಂಬಲ ಅಷ್ಟು ಈಚಿನದಲ್ಲ. ಜಹೀರಾಬಾದ್, ನಾರಾಯಣಖೇಡ್ ಮತ್ತು ತಾಂಡೂರು ಸೇರಿದ ಗಡಿಸೀಮೆಗೆ ಪರಿಚಿತವಾದ ಶರಣ ಪುರಾಣಗಳು ಒಂದರ ಮೇಲೊಂದು ಬೆಳೆದ ಬಗೆಯಲ್ಲಿ ಅದೇ ಹಂಬಲ ಇನ್ನೂ ಗಂಭೀರವಾದ ರೂಪದಲ್ಲಿ ಕಾಣುತ್ತದೆ. ಭಕ್ತರ ಪಾಲಿಗೆ ಇವು ಕಲ್ಪನೆಯಲ್ಲ, ಶರಣರ ಚರಿತೆ. ಇಲ್ಲಿನ ಹೋಲಿಕೆ ಕಥೆ ಕಟ್ಟುವ ವಿಧಾನಕ್ಕೆ ಮಾತ್ರ ಸಂಬಂಧಿಸಿದ್ದು.

ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಜಹೀರಾಬಾದ್ ಮತ್ತು ನಾರಾಯಣಖೇಡ್ ಬೀದರ್ ಜಿಲ್ಲೆಯ ತಾಲ್ಲೂಕುಗಳಾಗಿದ್ದವು, ತಾಂಡೂರು ಗುಲಬರ್ಗಾ ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ನಿರ್ಣಾ ವೃತ್ತವನ್ನು ಬಿಟ್ಟು ಉಳಿದ ಜಹೀರಾಬಾದ್ ತಾಲ್ಲೂಕು, ನಾರಾಯಣಖೇಡ್ ಮತ್ತು ತಾಂಡೂರು ಆಂಧ್ರಪ್ರದೇಶಕ್ಕೆ ಹೋದವು. ಇಂದು ಮೊದಲೆರಡು ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯಲ್ಲಿವೆ, ತಾಂಡೂರು ವಿಕಾರಾಬಾದ್ ಜಿಲ್ಲೆಯಲ್ಲಿದೆ. ಮೊದಲು ಉರ್ದು, ಆಮೇಲೆ ತೆಲುಗು ಕಚೇರಿಯ ಭಾಷೆಯಾಗಿದ್ದ ಈ ಸೀಮೆಯಲ್ಲಿ ಕನ್ನಡ ಕಾವ್ಯವು ಓದುವ ಪುಸ್ತಕಕ್ಕಿಂತ ಹೆಚ್ಚಾಗಿ ಕೇಳುವ ಪುರಾಣವಾಗಿ ಉಳಿಯಿತೆಂದು ಹೇಳಿದರೆ ತಪ್ಪಾಗಲಾರದು.

ಶ್ರಾವಣ ಮಾಸದಲ್ಲಿ ಮಠ ಅಥವಾ ಗುಡಿಯಲ್ಲಿ ‘ಪುರಾಣ ಹಚ್ಚುವುದು’ ಕಲ್ಯಾಣ ಕರ್ನಾಟಕ ಮತ್ತು ಅದರ ಅಂಚಿನ ಊರುಗಳ ಹಳೆಯ ಪದ್ಧತಿ. ಒಬ್ಬರು ಪದ್ಯವನ್ನು ರಾಗವಾಗಿ ಓದುತ್ತಾರೆ, ಪುರಾಣಿಕರು ಅದರ ಅರ್ಥ ಬಿಡಿಸಿ ಹೇಳುತ್ತಾರೆ, ಕೊನೆಯ ದಿನ ಮಂಗಲವಾಗುತ್ತದೆ. ಶರಣರ ಜನನದ ಅಧ್ಯಾಯ ಬಂದ ಸಂಜೆ ಕೇಳುಗರು ಬರೀ ಕೇಳುಗರಾಗಿ ಉಳಿಯುವುದಿಲ್ಲ. ಹೆಂಗಸರು ತೊಟ್ಟಿಲು ಕಟ್ಟಿ, ಹೂ ಮುಡಿಸಿ, ಜೋಗುಳ ಹಾಡಿ ಕೂಸಿಗೆ ಹೆಸರಿಡುತ್ತಾರೆ. ಈ ವರ್ಷ ಯಾವ ಪುರಾಣ ಹಚ್ಚಬೇಕು ಎಂಬ ಹಿರಿಯರ ತೀರ್ಮಾನವೇ ಇಡೀ ಊರಿಗೆ ಕೃತಿಯೊಂದನ್ನು ಶಿಫಾರಸು ಮಾಡುವ ರೀತಿ. ಹಾಗೆ ಆರಿಸಲು ಕೃತಿಗಳಿಗೆ ಕೊರತೆಯಿರಲಿಲ್ಲ, ಮತ್ತು ಅವು ಒಂದನ್ನೊಂದು ಒಪ್ಪಲೇಬೇಕೆಂಬ ನಿಯಮವೂ ಇರಲಿಲ್ಲ.

ಬಸವಣ್ಣನ ಜನನವನ್ನೇ ನೋಡಬಹುದು. ಹಂಪೆಯ ಹರಿಹರನ ರಗಳೆಯಲ್ಲಿ, ಅಂದರೆ ಸಾಲುಗಳಿಗೆ ಮಿತಿಯಿಲ್ಲದೆ ಹರಿಯುವ ಪದ್ಯಬಂಧದಲ್ಲಿ, ಕೈಲಾಸದ ವೃಷಭಮುಖನು ಶಿವನಿತ್ತ ಹೂವಿನ ಪ್ರಸಾದವನ್ನು ಎಲ್ಲರಿಗೂ ಹಂಚುವಾಗ ಷಣ್ಮುಖನಿಗೆ ಕೊಡದೆ ಬಿಟ್ಟು, ಆ ಲೋಪದಿಂದ ಭೂಮಿಯಲ್ಲಿ ಹುಟ್ಟುತ್ತಾನೆ. ಓರುಗಲ್ಲು ಸೀಮೆಯ ಪಾಲ್ಕುರಿಕೆ ಸೋಮನಾಥನ ತೆಲುಗು ‘ಬಸವಪುರಾಣಮು’ ಎರಡೆರಡು ಸಾಲಿನ ದ್ವಿಪದಿಯಲ್ಲಿದ್ದು, ಅದರಲ್ಲಿ ತಪ್ಪಿನ ಮಾತಿಲ್ಲ; ಶಿವಭಕ್ತಿಯನ್ನು ಬೆಳಗಿಸಲೆಂದೇ ನಂದಿ ಇಳಿದು ಬಂದು ತಾಯಿಯ ಗರ್ಭದಲ್ಲಿ ಮೂರು ವರ್ಷ ಇರುತ್ತಾನೆ. 1369ರಲ್ಲಿ ಭೀಮಕವಿ ಈ ತೆಲುಗು ಕಾವ್ಯವನ್ನು ಆರು ಸಾಲಿನ ಭಾಮಿನಿ ಷಟ್ಪದಿಯಲ್ಲಿ ಕನ್ನಡಿಸಿದಾಗ, ಕನ್ನಡ ನೆಲದ ಶರಣನ ಕಥೆ ತೆಲುಗು ನಾಡನ್ನು ಸುತ್ತಿ ಮನೆಗೆ ಮರಳಿತು. ಎರಡೂ ಭಾಷೆ ಬಲ್ಲ ಗಡಿಸೀಮೆಗೆ ಇದಕ್ಕಿಂತ ಆಪ್ತವಾದ ಕೃತಿಯನ್ನು ಹೆಸರಿಸುವುದು ಕಷ್ಟ.

ಅಲ್ಲಮಪ್ರಭುವಿನ ಕಥೆಯಲ್ಲಿ ಭಿನ್ನತೆ ಇನ್ನೂ ಆಳವಾದದ್ದು. ಹರಿಹರನ ಅಲ್ಲಮ ಕಮಲತೆಯನ್ನು ಒಲಿದು ಕೂಡಿದವನು. ಅವಳು ಜ್ವರದಿಂದ ತೀರಿಕೊಂಡ ಮೇಲೆ ದಿಕ್ಕೆಟ್ಟು ಅಲೆಯುತ್ತ, ತೋಟವೊಂದರಲ್ಲಿ ಕಾಲ್ಬೆರಳಿನಿಂದ ನೆಲ ಕೆದಕುವಾಗ ಹೊನ್ನಿನ ಕಳಸ ಕಂಡು, ಅಗೆಸಿ ನೋಡಿದರೆ ಒಳಗೆ ದೇಗುಲವಿದ್ದು, ಅಲ್ಲಿ ಕುಳಿತಿದ್ದ ಅನಿಮಿಷನೆಂಬ ಯೋಗಿಯ ಕೈಯಿಂದ ಲಿಂಗ ಪಡೆಯುತ್ತಾನೆ. ಪ್ರೌಢದೇವರಾಯನ (1424–1446) ಕಾಲದ ಚಾಮರಸ ಈ ವಿರಹಿಯನ್ನು ಒಪ್ಪಲಿಲ್ಲ. ಅವನ ‘ಪ್ರಭುಲಿಂಗಲೀಲೆ’ಯಲ್ಲಿ ಪಾರ್ವತಿಯ ತಾಮಸ ಕಳೆಯೇ ಬನವಸಿಯ ದೊರೆಯ ಮಗಳು ಮಾಯೆಯಾಗಿ ಹುಟ್ಟಿ, ಮಧುಕೇಶ್ವರನ ಗುಡಿಯಲ್ಲಿ ಮದ್ದಳೆ ಬಾರಿಸುವ ಅಲ್ಲಮನಿಗೆ ಮನಸೋಲುತ್ತಾಳೆ, ಅವನಾದರೋ ಕೈಗೆ ಸಿಗುವುದೇ ಇಲ್ಲ. ಮುಂದೆ ವಜ್ರಕಾಯನಾದ ಸಿದ್ಧಯೋಗಿ ಗೋರಕ್ಷನ ಮೈಗೆ ಕತ್ತಿ ತಗುಲಿದಾಗ ಖಣಿಲೆಂಬ ಸದ್ದು ಏಳುತ್ತದೆ; ಅದೇ ಕತ್ತಿ ಅಲ್ಲಮನ ಮೈಯಲ್ಲಿ ಬಯಲಿನಲ್ಲಿ ಬೀಸಿದಂತೆ ಹಾದುಹೋಗುತ್ತದೆ. ಪವಾಡವನ್ನು ತತ್ತ್ವವಾಗಿಸಿದ ಇಂಥ ಚಿತ್ರ ಕನ್ನಡದಲ್ಲಿ ವಿರಳ, ಮತ್ತು 25 ಗತಿಗಳಾಗಿ, ಎಂದರೆ ಅಧ್ಯಾಯಗಳಾಗಿ, ಹಂಚಿಕೊಂಡ ಈ ಕಾವ್ಯ ದಿನಕ್ಕೊಂದು ಗತಿಯಂತೆ ಶ್ರಾವಣದೊಳಗೆ ಮುಗಿಯುವಂಥದ್ದು. ಆದರೂ ಇದರಿಂದ ಹರಿಹರ ಹಳಬನಾಗುವುದಿಲ್ಲ. ಕಮಲತೆಯ ಸಾವನ್ನು ಓದದವರಿಗೆ ಚಾಮರಸ ಏನನ್ನು ಬಿಟ್ಟುಕೊಟ್ಟನೆಂಬುದು ತಿಳಿಯದು.

ಶರಣರ ವಚನಗಳನ್ನೇ ಸಂವಾದವಾಗಿ ಜೋಡಿಸಿ, ಅವರ ಚರ್ಚಾಸಭೆಯಾದ ಅನುಭವ ಮಂಟಪವನ್ನು ಕಣ್ಣಿಗೆ ಕಟ್ಟುವ ‘ಶೂನ್ಯಸಂಪಾದನೆ’ಯೂ ಶಿವಗಣಪ್ರಸಾದಿ ಮಹಾದೇವಯ್ಯನಿಂದ ಗೂಳೂರು ಸಿದ್ಧವೀರಣ್ಣನವರೆಗೆ ನಾಲ್ಕು ರೂಪ ತಾಳಿತು. ಶರಣ ಸಿದ್ಧರಾಮನಿಗೆ ಇಷ್ಟಲಿಂಗ, ಎಂದರೆ ಮೈಮೇಲೆ ಧರಿಸುವ ಲಿಂಗ, ದೀಕ್ಷೆಯಾಗಿ ದೊರೆಯಿತೇ ಎಂಬ ಪ್ರಶ್ನೆಗೆ ಉತ್ತರವಾಗಿ, ಮೊದಲನೆಯದರಲ್ಲಿ ಇಲ್ಲದ ಪ್ರಸಂಗವನ್ನು ನಂತರದ ಸಂಪಾದನೆಯಲ್ಲಿ ಸೇರಿಸಲಾಯಿತು.

ಕಾವ್ಯ ಬಲ್ಲವರಷ್ಟೇ ಹೀಗೆ ಕಥೆಯನ್ನು ಬೆಳೆಸಿದರೆಂದು ಭಾವಿಸಬೇಕಾಗಿಲ್ಲ. ಶಿವನ ಆದಿ ಅಂತ್ಯಗಳನ್ನು ಹುಡುಕಲು ಹೋದ ಬ್ರಹ್ಮನ ಪರವಾಗಿ ಸುಳ್ಳುಸಾಕ್ಷಿ ನುಡಿದ ಕೇದಗೆ ಶಿವಪೂಜೆಗೆ ಸಲ್ಲದೆಂದು ಪುರಾಣ ಸಾರುತ್ತದೆ. ಜಹೀರಾಬಾದಿನ ಸಮೀಪದ ಝರಾಸಂಗಮದ ಸ್ಥಳಪುರಾಣ, ಎಂದರೆ ಕ್ಷೇತ್ರವೊಂದರ ಮಹಿಮೆಯ ಕಥೆ, ಅಲ್ಲಿಗೆ ನಿಲ್ಲದೆ, ಬ್ರಹ್ಮನು ಇದೇ ಕೇದಗೆಯ ಬನದಲ್ಲಿ ತಪಸ್ಸು ಮಾಡಿದನೆಂದೂ, ಚರ್ಮರೋಗದಿಂದ ನರಳುತ್ತಿದ್ದ ಕುಪೇಂದ್ರ ರಾಜನು ಇಲ್ಲಿನ ನೀರಿನಿಂದ ಗುಣ ಹೊಂದಿ ಗುಡಿ ಕಟ್ಟಿಸಿದನೆಂದೂ ಕಥೆಯನ್ನು ಮುಂದುವರಿಸುತ್ತದೆ. ಕೇತಕಿ ಸಂಗಮೇಶ್ವರನೆಂದೇ ಕರೆಸಿಕೊಳ್ಳುವ ಈ ದೇವರಿಗೆ ಕೇದಗೆ ಏರುತ್ತದೆ. ಶಾಪಗೊಂಡ ಹೂವಿಗೆ ಮರಳಿ ಬರುವ ಬಾಗಿಲು ತೆರೆದ ಈ ಕಥೆ, ಗಡಿಸೀಮೆಯ ಕಥೆಗಳಲ್ಲೆಲ್ಲ ಮೊದಲು ಹೇಳಬೇಕಾದದ್ದು.

ಮನೆಯಲ್ಲಿ ಕನ್ನಡ ಆಡಿ ಶಾಲೆಯಲ್ಲಿ ತೆಲುಗು ಕಲಿತ ಇಲ್ಲಿನ ಎಳೆಯರಿಗೆ ಈ ಪುರಾಣಗಳತ್ತ ಸೋಮನಾಥನ ದ್ವಿಪದಿ ಮೊದಲ ಮೆಟ್ಟಿಲಾಗಬಲ್ಲದು. ಅದರಲ್ಲಿ ಬಸವ ಜನನದ ಭಾಗವನ್ನು ತೆಲುಗಿನಲ್ಲಿ ಓದಿಕೊಂಡು, ಅದೇ ಭಾಗವನ್ನು ಭೀಮಕವಿಯ ಷಟ್ಪದಿಯಲ್ಲಿ ಯಾರಾದರೂ ಓದುವಾಗ ಕೇಳಿ, ಆಮೇಲೆ ಹರಿಹರನ ರಗಳೆಗೆ ಹೋಗುವುದು ಒಳಿತು. ಕನ್ನಡ ಲಿಪಿ ಬಾರದವರಿಗೂ ಆ ಹೊತ್ತಿಗೆ ಕಥೆಯ ಹಾದಿ ಪರಿಚಿತವಾಗಿರುತ್ತದೆ.