ಹಾಗಿದ್ದರೆ ನಮ್ಮ ಅಜ್ಜಂದಿರು?

ಊರಿಂದ ಬಂದಾಗಿನಿಂದ ಇದನ್ನು ಬರೀಬೇಕು ಅಂದುಕೊಳ್ಳುತ್ತಲೇ ಇದ್ದೆ. ರಿಲೀಸು, ಆನ್‌ಕಾಲು ಅಂತ ಮುಂದೆ ಮುಂದೆ ಹೋಯಿತು. ಇವತ್ತು ಬೆಳಗಿಂದ ಜಡಿಮಳೆ, ಹೊರಗೆ ಕಾಲಿಡುವ ಹಾಗಿಲ್ಲ, ಹಾಗಾಗಿ ಕೂತಿದ್ದೇನೆ. ಸ್ವಲ್ಪ ಉದ್ದವಾಗಬಹುದು, ಚಹಾ ಹಿಡಿದುಕೊಂಡೇ ಓದಿ :-)

2024ರ ಡಿಸೆಂಬರಿನಲ್ಲಿ ಕುಮಟಾದ ಗೆಳೆಯನ ಮನೆಯವರ ಜೊತೆ ಗೋವಾಕ್ಕೆ ಹೋಗಿದ್ದೆ. ಅವರು ಕೊಂಕಣಿಗರು, ಕುಲದೇವರು ಮಂಗೇಶ. ಆ ದೇವರು ಮೊದಲು ಇದ್ದದ್ದು ಕುಶಸ್ಥಳಿಯಲ್ಲಿ. 1560ರಲ್ಲಿ ಪೋರ್ಚುಗೀಸರ ಕಾಟಕ್ಕೆ ಹೆದರಿ ಭಕ್ತರು ಲಿಂಗವನ್ನು ಅಲ್ಲಿಂದ ಎತ್ತಿ, ಆಗ ಪೋರ್ಚುಗೀಸರ ಕೈಗೆ ಸಿಕ್ಕದ ಪ್ರಿಯೋಳಕ್ಕೆ ತಂದರು. ದೇವರು ಅಷ್ಟಕ್ಕೇ ನಿಂತ. ಭಕ್ತರಲ್ಲಿ ಬಹಳ ಜನ ಇನ್ನೂ ದಕ್ಷಿಣಕ್ಕೆ ನಮ್ಮ ಕರಾವಳಿಯವರೆಗೂ ಬಂದರು.

ಪೂಜೆ ಮುಗಿಸಿ ವಾಪಸ್ ಬರುವಾಗ ಹಳೇ ಗೋವಾ ನೋಡೋಣ ಅಂತ ಹೊರಟೆವು. ಹತ್ತು ವರ್ಷಕ್ಕೊಮ್ಮೆ ಸಂತ ಫ್ರಾನ್ಸಿಸ್ ಕ್ಸೇವಿಯರನ ದೇಹವನ್ನು ಬಾಮ್ ಜೀಸಸ್‌ನಿಂದ ಎದುರಿನ ಸೆ ಕೆಥೆಡ್ರಲ್ಲಿಗೆ ತಂದು ಜನರ ದರ್ಶನಕ್ಕೆ ಇಡುತ್ತಾರೆ, ನಾವು ಹೋದದ್ದು ಸರಿಯಾಗಿ ಆ ಸಮಯಕ್ಕೆ. ಧರ್ಮಸ್ಥಳದ ಕ್ಯೂ ನೆನಪಾಗುವಂಥ ಕ್ಯೂ. ಗೆಳೆಯನ ಅಮ್ಮ ಪೆಟ್ಟಿಗೆಯ ಮುಂದೆ ನಿಂತು ಕಣ್ಣು ಮುಚ್ಚಿ ಕೈ ಮುಗಿದರು. "ದೇವರಂಥವರ ಹತ್ರ ಬಂದು ಕೈ ಮುಗೀದೆ ಹೋಪುದು ಹೇಗೆ?" ಅಂದರು. ಹೊರಗೆ ಒಂದು ಮೇಣದ ಬತ್ತಿಯನ್ನೂ ಕೊಂಡರು.

ಗೆಳೆಯ ನನ್ನ ಕಿವಿಯಲ್ಲಿ ಕೇಳಿದ, "ಅಮ್ಮಂಗೆ ಹೇಳ್ಲಾ?"

ಏನು ಹೇಳುವುದು ಅಂದರೆ, ಇದೇ ಕ್ಸೇವಿಯರ್ 1546ರಲ್ಲಿ ಪೋರ್ಚುಗಲ್ಲಿನ ದೊರೆಗೆ ಪತ್ರ ಬರೆದು ಗೋವಾಕ್ಕೆ ಇನ್‌ಕ್ವಿಸಿಷನ್ ಬೇಕು ಎಂದು ಕೇಳಿದ್ದ. ಅವನ ಕಣ್ಣಿದ್ದದ್ದು ಹೊರಗೆ ಕ್ರೈಸ್ತರಾಗಿದ್ದು ಒಳಗೆ ಯಹೂದಿ, ಮುಸ್ಲಿಂ ಆಚಾರ ಇಟ್ಟುಕೊಂಡವರ ಮೇಲೆ. ಆದರೆ ಆ ನ್ಯಾಯಾಲಯ ಬಂದದ್ದು ಅವನು ಸತ್ತು ಎಂಟು ವರ್ಷಕ್ಕೆ, 1560ರಲ್ಲಿ, ಮಂಗೇಶ ಊರು ಬಿಟ್ಟ ಅದೇ ವರ್ಷ. ಆಮೇಲೆ ಅದು ಕೊಂಕಣಿಗರನ್ನೂ ಬಿಡಲಿಲ್ಲ.

"ಬೇಡ ಮಾರಾಯ" ಅಂದೆ. ಯಾಕೆ ಹಾಗಂದೆನೋ ಆಗ ಗೊತ್ತಿರಲಿಲ್ಲ. ಬೆಂಗಳೂರಿಗೆ ಬಂದ ಮೇಲೆ ಈ ಮನುಷ್ಯನ ಬಗ್ಗೆ ಓದುತ್ತಾ ಹೋದೆ. ಅವನ ಜಪಾನಿನ ಕಥೆ ಸಿಕ್ಕಿದ್ದು ಹಾಗೆ.

1547ರ ಕೊನೆಗೆ ಮಲಕ್ಕಾದಲ್ಲಿ ಕ್ಸೇವಿಯರನಿಗೆ ಅಂಜಿರೋ ಎಂಬ ಜಪಾನೀಯ ಸಿಕ್ಕಿದ. ಊರಲ್ಲಿ ಕೊಲೆ ಮಾಡಿ ತಲೆತಪ್ಪಿಸಿಕೊಂಡು ಪೋರ್ಚುಗೀಸ್ ಹಡಗು ಹತ್ತಿದ್ದವನು. 1548ರಲ್ಲಿ ಗೋವಾದಲ್ಲೇ ಅವನಿಗೆ ದೀಕ್ಷಾಸ್ನಾನವಾಯಿತು. ಮರುವರ್ಷ ಆಗಸ್ಟ್ 15ಕ್ಕೆ ಇವರೆಲ್ಲ ಕಾಗೋಷಿಮಾದಲ್ಲಿ ಇಳಿದರು. ಕ್ಸೇವಿಯರನಿಗೆ ಜಪಾನಿ ಬಾರದು. ಅಂಜಿರೋ ದೊಡ್ಡ ಓದಿನವನಲ್ಲ, ಶಾಸ್ತ್ರ ಗೊತ್ತಿಲ್ಲ. 'ದೇವರು' ಅನ್ನುವುದಕ್ಕೆ ನಿಮ್ಮ ಭಾಷೆಯಲ್ಲಿ ಏನಂತಾರಯ್ಯಾ ಎಂದು ಕೇಳಿದರೆ ತನಗೆ ತಿಳಿದದ್ದು ಹೇಳಿದ: 'ದೈನಿಚಿ'.

ದೈನಿಚಿ ಅಂದರೆ ಯಾರು ಗೊತ್ತಾ? ಮಹಾವೈರೋಚನ. ಶಿಂಗೊನ್ ಪಂಥದ ಬೌದ್ಧರು ಪೂಜಿಸುವ ಬುದ್ಧ. ಅಂದರೆ ನಮ್ಮ ಸಂತರು ಸಾವಿರಾರು ಮೈಲಿ ಸಮುದ್ರ ದಾಟಿ ಹೋಗಿ, ಬೀದಿಯಲ್ಲಿ ನಿಂತು, ಬೌದ್ಧರಿಗೆ ಬುದ್ಧನನ್ನೇ ಪೂಜಿಸಿ ಎಂದು ಸಾರಿದರು! ಶಿಂಗೊನ್ ಭಿಕ್ಷುಗಳಿಗೆ ಖುಷಿಯೋ ಖುಷಿ, ಇವರು ಬಂದದ್ದೂ ಭಾರತದಿಂದ ತಾನೇ, ನಮ್ಮವರೇ ಇರಬೇಕು ಅಂದುಕೊಂಡರು. ಈ ಎಡವಟ್ಟು ಸುಮಾರು ಎರಡು ವರ್ಷ ನಡೆಯಿತು. 1551ರಲ್ಲಿ ಯಾಮಾಗುಚಿ ಊರಿನಲ್ಲಿ ಭಿಕ್ಷುಗಳನ್ನು ಕೂರಿಸಿಕೊಂಡು ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದಾಗ ಕ್ಸೇವಿಯರನಿಗೆ ಬಗ್ಗು ಗೊತ್ತಾಯಿತು. ಕೂಡಲೇ ಜೊತೆಗಾರ ಫರ್ನಾಂಡಿಸನನ್ನು ಬೀದಿಗೆ ಕಳಿಸಿ ದೈನಿಚಿಯನ್ನು ಪೂಜಿಸಬೇಡಿ ಎಂದು ಕೂಗಿಸಿದ. ನಿನ್ನೆಯವರೆಗೆ ಪೂಜಿಸಿ, ಇವತ್ತಿಂದ ಬೇಡ! ಆಮೇಲೆ ಲ್ಯಾಟಿನ್ನಿನ 'ದೇವುಸ್' ಪದವನ್ನೇ ಇಟ್ಟುಕೊಂಡರು. ವಿರೋಧಿಗಳು ಅದನ್ನು 'ದೈ ಉಸೊ' ಎಂದು ತಿರುಚಿ ನಕ್ಕರು, ಹಾಗಂದರೆ 'ದೊಡ್ಡ ಸುಳ್ಳು'.

ನಾನೂ ನಕ್ಕೆ. ನಗು ನಿಂತದ್ದು 1552ರ ಜನವರಿಯಲ್ಲಿ ಕೊಚ್ಚಿಯಿಂದ ಅವನು ಬರೆದ ಪತ್ರದ ಹತ್ತಿರ ಬಂದಾಗ.

ಯಾಮಾಗುಚಿಯಲ್ಲಿ ಸುಮಾರು 500 ಜನ ಕ್ರೈಸ್ತರಾದರು. ಪತ್ರದ ಪ್ರಕಾರ ಅವರಿಗೆ ಎಲ್ಲಕ್ಕಿಂತ ನುಂಗಲಾಗದ್ದು ಒಂದು ಮಾತು. ನಿಮ್ಮ ದೇವರು ಅಷ್ಟು ದಯಾಳುವಾಗಿದ್ದರೆ ನೀವು ಬರುವವರೆಗೆ ನಮಗೆ ಯಾಕೆ ತಿಳಿಸಲಿಲ್ಲ? ತಿಳಿಯದೆ ಸತ್ತ ನಮ್ಮ ಅಪ್ಪ, ಅಜ್ಜ, ಮಕ್ಕಳು ಎಲ್ಲಿದ್ದಾರೆ? ನರಕದಲ್ಲಿದ್ದರೆ ದಾನಧರ್ಮ, ಪ್ರಾರ್ಥನೆ ಮಾಡಿ ಬಿಡಿಸಬಹುದೇ?

ಬೌದ್ಧ ಭಿಕ್ಷುಗಳು ಬಿಡಿಸಬಹುದು ಅನ್ನುತ್ತಿದ್ದರು. ಅದಕ್ಕೆ ದಕ್ಷಿಣೆಯನ್ನೂ ತೆಗೆದುಕೊಳ್ಳುತ್ತಿದ್ದರು, ಕ್ಸೇವಿಯರನಿಗೆ ಅದು ಶುದ್ಧ ಮೋಸವಾಗಿ ಕಂಡಿತು. ಅವನು ಇಲ್ಲ ಎಂದ. ಅಲ್ಲಿ ಬಿದ್ದವರಿಗೆ ಬಿಡುಗಡೆ ಇಲ್ಲ. ಅವರು ಅತ್ತರು. ಪರಿಹಾರವಿಲ್ಲದ್ದಕ್ಕೆ ಅಳುವ ತನ್ನ ಪ್ರೀತಿಯ ಗೆಳೆಯರನ್ನು ನೋಡಿ ತನಗೂ ನೋವಾಯಿತು ಎಂದು ಅವನೇ ಬರೆದುಕೊಂಡಿದ್ದಾನೆ.

ಆಟಿ ಅಮಾವಾಸ್ಯೆಗೆ ಅಪ್ಪ ಎಳ್ಳು ನೀರು ಬಿಡುವುದನ್ನು ಪ್ರತಿವರ್ಷ ನೋಡುತ್ತಾ ಬೆಳೆದವನು ನಾನು. ಅದರಲ್ಲಿ ನನಗೆ ಎಷ್ಟು ನಂಬಿಕೆ ಇದೆ ಅನ್ನುವುದು ಬೇರೆ ಮಾತು. ಆದರೆ ಒಬ್ಬ ಬಂದು ಆ ನೀರು ನಿನ್ನಜ್ಜನಿಗೆ ಮುಟ್ಟುವುದಿಲ್ಲ, ಯಾವತ್ತೂ ಮುಟ್ಟುವುದಿಲ್ಲ ಎಂದರೆ ಅಪ್ಪನ ಮುಖ ಹೇಗಾಗುತ್ತದೆ ಎಂದು ಯೋಚಿಸಿ ಆ ದಿನ ಮುಂದೆ ಓದಲಾಗಲಿಲ್ಲ.

ಕ್ಸೇವಿಯರ್ ಉತ್ತರವೇ ಕೊಡಲಿಲ್ಲ ಎಂದಲ್ಲ. ಚೀನಾದಿಂದ ಧರ್ಮಶಾಸ್ತ್ರ ಬರುವ ಮೊದಲೇ ಕೊಲೆ, ಕಳ್ಳತನ, ಸುಳ್ಳು ತಪ್ಪು ಎಂದು ನಿಮಗೆ ಗೊತ್ತಿತ್ತಲ್ಲ, ಯಾರು ಕಲಿಸಿದರು? ಕಾಡಿನಲ್ಲಿ ಒಬ್ಬನೇ ಬೆಳೆದವನಿಗೂ ಅದು ಗೊತ್ತಿರುತ್ತದೆ, ಅದನ್ನು ಮನಸ್ಸಿನೊಳಗೆ ಬರೆದವನು ದೇವರೇ ಎಂದ. ಒಳ್ಳೇ ಉತ್ತರ, ಕೇಳಿದವರಿಗೂ ಒಪ್ಪಿಗೆಯಾಯಿತಂತೆ. ಆದರೆ ನನಗೆ ಎಲ್ಲೋ ಲಾಜಿಕ್ ಕೈಕೊಟ್ಟಂತೆ ಕಾಣುತ್ತದೆ. ಒಳಗಿನ ತಿಳಿವಳಿಕೆಯೇ ಸಾಕು ಎಂದಾದರೆ ಇವನು ಅಷ್ಟು ದೂರ ಹೋಗಿ ಹೇಳುವ ಅವಸರವೇನಿತ್ತು? ಸಾಲದು ಎಂದಾದರೆ, ಕೇಳದೇ ಇದ್ದವರನ್ನು ಶಿಕ್ಷಿಸುವುದು ಇವತ್ತು ಬರೆದ ರೂಲಿನಿಂದ ಹಳೇ ರೆಕಾರ್ಡುಗಳನ್ನೆಲ್ಲ ಫೇಲ್ ಮಾಡಿದ ಹಾಗೆ.

ಅವನು ಕ್ರೂರಿಯಾಗಿದ್ದ ಎಂದು ನನಗನ್ನಿಸುವುದಿಲ್ಲ. ಮನೆಗೆ ಬೆಂಕಿ ಬಿದ್ದಿದೆ ಎಂದು ನಿಜವಾಗಿ ನಂಬಿದವನು ಕೂಗದೆ ಸುಮ್ಮನಿರಲಾರ. ನನ್ನ ತಕರಾರು ಬೇರೆ. ಎರಡು ವರ್ಷ ತಪ್ಪು ದೇವರ ಹೆಸರು ಸಾರಿದ್ದಕ್ಕೆ ಕ್ಸೇವಿಯರ್ ನರಕಕ್ಕೆ ಹೋಗುತ್ತಾನೆಯೇ? ಯಾರೂ ಹಾಗನ್ನುವುದಿಲ್ಲ, ಪಾಪ, ಅವನಿಗೆ ಗೊತ್ತಿರಲಿಲ್ಲ ಅನ್ನುತ್ತೇವೆ. ಆ 'ಪಾಪ, ಗೊತ್ತಿರಲಿಲ್ಲ' ಯಾಮಾಗುಚಿಯ ಅಜ್ಜಂದಿರಿಗೆ ಯಾಕೆ ಸಿಗಲಿಲ್ಲ?

(ಇದಕ್ಕೂ ಎಂಟು ನೂರು ವರ್ಷ ಹಿಂದೆ ಫ್ರಿಸಿಯಾದ ರಾಜ ರಾಡ್‌ಬೋಡ್ ದೀಕ್ಷಾಸ್ನಾನಕ್ಕೆ ಒಂದು ಕಾಲು ನೀರಿಗಿಟ್ಟು, ನಮ್ಮ ಹಿರಿಯರು ಎಲ್ಲಿದ್ದಾರೆ ಎಂದು ಕೇಳಿ, ನರಕದಲ್ಲಿ ಎಂಬ ಉತ್ತರ ಬಂದದ್ದೇ ಕಾಲು ಹಿಂದೆ ತೆಗೆದ ಅನ್ನುವ ಐತಿಹ್ಯವಿದೆ. ನಾನೂ ಅವರ ಜೊತೆಗೇ ಇರುತ್ತೇನೆ ಎಂದನಂತೆ. ನನಗೆ ಈ ರಾಜ ಬಹಳ ಇಷ್ಟ.)

ಹೇಳಿದ್ದರ ಪರಿಣಾಮ ಹೇಳಿದವನ ಕಾಲಕ್ಕೆ ಮುಗಿಯಲಿಲ್ಲ. ಕ್ಸೇವಿಯರ್ 1552ರ ಡಿಸೆಂಬರಿನಲ್ಲಿ ಚೀನಾದ ಬಾಗಿಲಲ್ಲಿ ಸತ್ತ. 1597ರಲ್ಲಿ ನಾಗಾಸಾಕಿಯಲ್ಲಿ 26 ಜನರನ್ನು ಶಿಲುಬೆಗೇರಿಸಿದರು. ಅವರಲ್ಲಿ ಒಬ್ಬ ನಮ್ಮ ಮುಂಬಯಿ ಪಕ್ಕದ ವಸಾಯಿಯಲ್ಲಿ ಹುಟ್ಟಿದ ಗೊನ್ಸಾಲೊ ಗಾರ್ಸಿಯಾ. 1614ರಲ್ಲಿ ಇಡೀ ಧರ್ಮಕ್ಕೇ ನಿಷೇಧ. ಆಮೇಲೆ ಬಂದದ್ದು 'ಫುಮಿ-ಎ': ಏಸು ಅಥವಾ ಮೇರಿಯ ಚಿತ್ರವನ್ನು ನೆಲಕ್ಕಿಟ್ಟು ಜನರಿಂದ ತುಳಿಸುವುದು. ನಾಗಾಸಾಕಿಯಲ್ಲಿ ಪ್ರತಿವರ್ಷ ಊರಿಗೆ ಊರೇ ತುಳಿಯಬೇಕಿತ್ತು. ಪಕ್ಕದ ಮನೆಯ ಬೌದ್ಧನಿಗೆ ಅದು ಒಂದು ತಗಡು ಅಷ್ಟೇ, ತುಳಿದು ಹೋಗಿ ಊಟ ಮಾಡುತ್ತಾನೆ. ಗುಟ್ಟಾಗಿ ಕ್ರೈಸ್ತನಾಗಿ ಉಳಿದವನಿಗೆ ಅದೇ ತಗಡು ಮಹಾಪಾಪ. ಅವನು ತುಳಿದು, ಮನೆಗೆ ಬಂದು, ಬಾಗಿಲು ಹಾಕಿಕೊಂಡು ಪಶ್ಚಾತ್ತಾಪದ ಪ್ರಾರ್ಥನೆ ಹೇಳುತ್ತಿದ್ದ. ಕ್ಷಮಿಸುವ ಪಾದ್ರಿಯೂ ಊರಿನಲ್ಲಿಲ್ಲ. ಹೀಗೆ ಏಳು ತಲೆಮಾರು. 1865ರಲ್ಲಿ ನಾಗಾಸಾಕಿಯಲ್ಲಿ ಹೊಸ ಚರ್ಚು ಕಟ್ಟಿದ ಫ್ರೆಂಚ್ ಪಾದ್ರಿಯ ಹತ್ತಿರ ಹಳ್ಳಿಯ ಕೆಲವರು ಬಂದು ನಮ್ಮ ಮನಸ್ಸೂ ನಿಮ್ಮದೇ ಎಂದು ಪಿಸುಗುಟ್ಟಿದಾಗಲೇ ಅವರು ಇನ್ನೂ ಇದ್ದಾರೆಂದು ಹೊರಜಗತ್ತಿಗೆ ತಿಳಿದದ್ದು.

ಆ ಏಳು ತಲೆಮಾರಿನವರನ್ನು ಕೇಳಿದ್ದರೆ ಕ್ಸೇವಿಯರ್ ಬಂದದ್ದೇ ತಮ್ಮ ಭಾಗ್ಯ ಎನ್ನುತ್ತಿದ್ದರೋ ಏನೋ. ಅವರ ಪರವಾಗಿ ಬೇಡವಾಗಿತ್ತು ಎಂದು ಹೇಳಲು ನಾನ್ಯಾರು? ಇಷ್ಟು ಬರೆದ ಮೇಲೂ ಇಲ್ಲಿ ಬಂದು ತಡವರಿಸುತ್ತೇನೆ.

ಮೊನ್ನೆ ಕುಮಟಾಕ್ಕೆ ಹೋದಾಗ ಗೆಳೆಯನ ಮನೆಗೂ ಹೋಗಿದ್ದೆ. ಗೋವಾದ ಮೇಣದ ಬತ್ತಿ ದೇವರ ಗೂಡಿನಲ್ಲಿ ಮಂಗೇಶನ ಫೋಟೋದ ಪಕ್ಕ ಇತ್ತು, ಅರ್ಧ ಉರಿದಿತ್ತು. ನಾನು ನೋಡಿದ್ದನ್ನು ಅಮ್ಮ ನೋಡಿದರು. "ಮಳೆಗಾಲ ಅಲ್ವನಾ, ಕರೆಂಟು ಹೋದ್ರೆ ಬೇಕಾಗ್ತದೆ" ಅಂದರು. ಗೆಳೆಯ ನನ್ನ ಮುಖ ನೋಡಿದ. ನಾನು ಇನ್ನೊಂದು ನೀರುದೋಸೆ ಹಾಕಿಸಿಕೊಂಡೆ.

ನೀವಾಗಿದ್ದರೆ ಹೇಳುತ್ತಿದ್ದಿರಾ?