ಒಂದೆಲಗ: ಗಾಯ ಮಾಯಿಸುವ ಗುಣದ ಪರೀಕ್ಷೆ

ಒಂದೆಲಗ ಕೊತ್ತಂಬರಿಯ ಕುಟುಂಬಕ್ಕೆ ಸೇರಿದ, ನೆಲಕ್ಕಂಟಿ ಹಬ್ಬುವ ಸಣ್ಣ ಗಿಡ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಸೆಂಟೆಲ್ಲಾ ಏಷ್ಯಾಟಿಕಾ. ತುಳುವಿನಲ್ಲಿ ತಿಮರೆ, ಸಂಸ್ಕೃತದಲ್ಲಿ ಮಂಡೂಕಪರ್ಣಿ. ಗದ್ದೆಯ ಬದು, ಅಡಿಕೆ ತೋಟದ ಕಾಲುವೆಯ ಅಂಚು, ಬಾವಿಕಟ್ಟೆಯ ಪಸೆ, ಎಲ್ಲೆಲ್ಲಿ ತೇವವೋ ಅಲ್ಲಲ್ಲಿ ತಾನಾಗಿ ಬೆಳೆಯುತ್ತದೆ. ಕರಾವಳಿ ಮತ್ತು ಮಲೆನಾಡಿನ ಮನೆಗಳಲ್ಲಿ ಇದರ ತಂಬುಳಿ, ಚಟ್ನಿ ಮಾಡುವವರು ಮಕ್ಕಳ ನೆನಪಿನ ಶಕ್ತಿಗೆ ಒಳ್ಳೆಯದೆಂದು ಹೇಳಿ ಬಡಿಸುತ್ತಾರೆ. ಚರಕ ಸಂಹಿತೆಯೂ ಇದರ ಸ್ವರಸವನ್ನು (ಹಿಂಡಿದ ರಸವನ್ನು) ಬುದ್ಧಿಗೆ ಹಿತವಾದ ಮೇಧ್ಯ ರಸಾಯನಗಳಲ್ಲಿ ಎಣಿಸುತ್ತದೆ. ಆದರೆ ಆಧುನಿಕ ಔಷಧ ವಿಜ್ಞಾನ ಈ ಗಿಡದ ಬೆನ್ನು ಹತ್ತಿದ್ದು ನೆನಪಿಗಾಗಿ ಅಲ್ಲ, ಚರ್ಮಕ್ಕಾಗಿ.

ಕುಷ್ಠದಿಂದ ಗಾಯಕ್ಕೆ

1852ರ ಸುಮಾರಿಗೆ ಮಾರಿಷಸ್‌ನಲ್ಲಿ ಬ್ವಾಲೊ ಎಂಬ ವೈದ್ಯ ಕುಷ್ಠರೋಗಕ್ಕೆ ಒಂದೆಲಗವನ್ನು ಬಳಸಿದ ಸುದ್ದಿ ಹರಡಿತು. ಸುದ್ದಿ ಬೇಗನೆ ಭಾರತಕ್ಕೂ ಬಂತು. 1855ರಲ್ಲಿ ಪಾಂಡಿಚೇರಿಯ ಔಷಧತಜ್ಞ ಲೆಪಿನ್ ಗಿಡದಿಂದ ಎಣ್ಣೆಯಂಥ ಒಂದು ದ್ರವ್ಯವನ್ನು ಬೇರ್ಪಡಿಸಿ, ತಮಿಳಿನ ವಲ್ಲಾರೈ ಹೆಸರಿನಿಂದಲೇ ಅದನ್ನು ವೆಲ್ಲರಿನ್ ಎಂದು ಕರೆದ. ಅದೇ ದಶಕದಲ್ಲಿ ಮದರಾಸಿನ ಕುಷ್ಠರೋಗ ಆಸ್ಪತ್ರೆಯಲ್ಲಿ ಡಾ. ಹಂಟರ್ ರೋಗಿಗಳಿಗೆ ಕೊಟ್ಟು ನೋಡಿದರು. ಇದು ಕುಷ್ಠಕ್ಕೆ ರಾಮಬಾಣವಲ್ಲ, ಆದರೆ ರೋಗಿಗಳ ಒಟ್ಟು ಆರೋಗ್ಯ ಸುಧಾರಿಸುತ್ತದೆ ಎಂಬುದು ಅವರ ತೀರ್ಮಾನವಾಗಿತ್ತು. ಹೋಲಿಕೆಗೆ ಬೇರೆ ಗುಂಪಿಲ್ಲದ ಆ ಕಾಲದ ಪರೀಕ್ಷೆಯಿಂದ ಇಷ್ಟು ಸಂಯಮದ ಮಾತು ಹೊರಟಿದ್ದೇ ದೊಡ್ಡದು. 1868ರ ಭಾರತೀಯ ಔಷಧಕೋಶದಲ್ಲಿ ಗಿಡಕ್ಕೆ ಜಾಗವೂ ಸಿಕ್ಕಿತು.

ಮುಂದಿನ ಹೆಜ್ಜೆ ಬಿದ್ದದ್ದು ಮಡಗಾಸ್ಕರ್‌ನಲ್ಲಿ. ಅಲ್ಲಿಯ ಗಿಡದಿಂದ 1941ರಲ್ಲಿ ಬೊಂಟೆಮ್ಸ್ ಏಷಿಯಾಟಿಕೋಸೈಡ್ ಎಂಬ ಸಪೋನಿನ್ ಅನ್ನು ಪ್ರತ್ಯೇಕಿಸಿದ. ಸಸ್ಯವಿಜ್ಞಾನಿ ಪಿಯರ್ ಬ್ವಾತೊ ಮತ್ತು ಮಡಗಾಸ್ಕರ್‌ನವರೇ ಆದ ರಾಟ್ಸಿಮಾಮಾಂಗಾ ಅದನ್ನು ಮೊದಲು ಪರೀಕ್ಷಿಸಿದ್ದು ಕುಷ್ಠದ ಮೇಲೆಯೇ. ಕುಷ್ಠಕ್ಕೆ ಸಲ್ಫೋನ್ ಮಾತ್ರೆಗಳು ಬಂದ ಮೇಲೆ ಆ ಆಸೆ ಹಿಂದೆ ಸರಿಯಿತು. ಹುಣ್ಣು ಮತ್ತು ಗಾಯ ಮಾಯಿಸುವ ಗುಣ ಮಾತ್ರ ಉಳಿಯಿತು. ಮೆಡೆಕಾಸೋಲ್ ಎಂಬ ಮುಲಾಮು ಹುಟ್ಟಿದ್ದು ಈ ಕೆಲಸದಿಂದ.

ಇಲಿಯ ಬೆನ್ನಿನ ಮೇಲೆ

ಗಾಯ ಮಾಯುವುದನ್ನು ಅಳೆಯಲು ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿ ಮೂರು ದಾರಿಗಳಿವೆ. ಅರಿವಳಿಕೆ ಕೊಟ್ಟು, ಬೆನ್ನಿನ ರೋಮ ತೆಗೆದು, ಚರ್ಮದ ಒಂದು ತುಂಡನ್ನು ಪೂರ್ತಿ ಆಳಕ್ಕೆ ಕತ್ತರಿಸುವುದು ಮೊದಲನೆಯದು. ಕೆಲವು ದಿನಗಳಿಗೊಮ್ಮೆ ಗಾಯದ ಮೇಲೆ ಪಾರದರ್ಶಕ ಹಾಳೆಯಿಟ್ಟು ಅಂಚನ್ನು ಗೆರೆ ಎಳೆದುಕೊಂಡು, ಗ್ರಾಫ್ ಕಾಗದದ ಚೌಕಗಳನ್ನು ಎಣಿಸಿ ಗಾಯ ಎಷ್ಟು ಕಿರಿದಾಯಿತೆಂದು ಲೆಕ್ಕ ಹಾಕುತ್ತಾರೆ. ಹಸಿ ಉಳಿಯದಂತೆ ಹಕ್ಕಳೆ ಉದುರಿದ ದಿನವನ್ನು ಗುರುತು ಮಾಡಿಕೊಳ್ಳುತ್ತಾರೆ.

ಎರಡನೆಯದು ಬಲದ ಪರೀಕ್ಷೆ. ಉದ್ದಕ್ಕೆ ಸೀಳಿ ಹೊಲಿಗೆ ಹಾಕಿದ ಗಾಯದ ಹೊಲಿಗೆ ಬಿಚ್ಚಿ, ಸಾಮಾನ್ಯವಾಗಿ ಹತ್ತನೆಯ ದಿನ ಒಂದು ಅಂಚನ್ನು ಬಿಗಿದು, ಇನ್ನೊಂದು ಅಂಚಿಗೆ ದಾರದಿಂದ ಪಾತ್ರೆ ತೂಗುಬಿಟ್ಟು ಒಂದೇ ಸಮನೆ ನೀರು ಹರಿಸುತ್ತಾರೆ. ಗಾಯ ಬಾಯಿಬಿಟ್ಟ ಕ್ಷಣ ನೀರು ನಿಲ್ಲಿಸಿ ತೂಗುತ್ತಾರೆ. ಆ ತೂಕವೇ ಹೊಸ ಚರ್ಮದ ಬಲ. ಮೂರನೆಯದು ಚರ್ಮದಡಿ ಬೆಳೆದ ಹೊಸ ಮಾಂಸವನ್ನು ತೆಗೆದು ಆಮ್ಲದಲ್ಲಿ ಕುದಿಸಿ, ಚರ್ಮಕ್ಕೆ ಬಲ ಕೊಡುವ ಕೊಲಾಜನ್ ಎಂಬ ಪ್ರೋಟೀನಿನಲ್ಲಿ ಹೇರಳವಾಗಿರುವ ಹೈಡ್ರಾಕ್ಸಿಪ್ರೋಲಿನ್ ಅನ್ನು ಬಣ್ಣದ ರಾಸಾಯನಿಕ ಕ್ರಿಯೆಯಿಂದ ಅಳೆಯುವುದು.

1999ರಲ್ಲಿ ಪ್ರಕಟವಾದ ಶುಕ್ಲಾ ಮತ್ತು ಸಂಗಡಿಗರ ಭಾರತೀಯ ಅಧ್ಯಯನದಲ್ಲಿ ಗಿನಿಯಿಲಿಗಳ ಗಾಯಕ್ಕೆ ಏಷಿಯಾಟಿಕೋಸೈಡ್‌ನ ಶೇ. 0.2ರ ದ್ರಾವಣ ಹಚ್ಚಿದಾಗ ಹೈಡ್ರಾಕ್ಸಿಪ್ರೋಲಿನ್ ಶೇ. 56, ಎಳೆತ ತಾಳುವ ಬಲ ಶೇ. 57 ಹೆಚ್ಚಿತು. ಗಾಯ ತಡವಾಗಿ ಮಾಯುವ ಮಧುಮೇಹಿ ಇಲಿಗಳಲ್ಲೂ ಶೇ. 0.4ರ ದ್ರಾವಣ ಫಲ ಕೊಟ್ಟಿತು. 1998ರ ಇನ್ನೊಂದು ಭಾರತೀಯ ಅಧ್ಯಯನದಲ್ಲಿ ಒಂದೆಲಗದ ನೀರಿನ ಸಾರವನ್ನೇ ಮುಲಾಮು, ಕ್ರೀಮು, ಜೆಲ್ ಎಂದು ಮೂರು ರೂಪದಲ್ಲಿ ಇಲಿಗಳಿಗೆ ದಿನಕ್ಕೆ ಮೂರು ಸಲ ಹಚ್ಚಲಾಯಿತು. ಜೆಲ್ ಉಳಿದೆರಡಕ್ಕಿಂತ ಮೇಲಾಯಿತು. ಎಂದರೆ ಸಾರ ಒಂದೇ ಆದರೂ ಅದನ್ನು ಯಾವುದರಲ್ಲಿ ಬೆರೆಸಿದ್ದಾರೆ ಎಂಬುದು ಫಲಿತಾಂಶವನ್ನು ಬದಲಿಸುತ್ತದೆ. ಹೀಗಾಗಿ ಮದ್ದಿಲ್ಲದ ಬರೀ ಜೆಲ್ ಹಚ್ಚಿದ ಗುಂಪೊಂದು ಜೊತೆಗಿಲ್ಲದ ಪರೀಕ್ಷೆಯ ಅಂಕಿಗಳಿಗೆ ಹೆಚ್ಚು ಬೆಲೆ ಕೊಡುವಂತಿಲ್ಲ.

ಇನ್ನೊಂದು ತೊಡಕು ಇಲಿಯ ಚರ್ಮದ್ದೇ. ಅದರಡಿಯ ತೆಳು ಸ್ನಾಯುಪದರ ಗಾಯವನ್ನು ಸುತ್ತಲಿಂದ ಎಳೆದು ಮುಚ್ಚಿಬಿಡುತ್ತದೆ. ಮನುಷ್ಯನಲ್ಲಿ ಹೊಸ ಮಾಂಸ ತುಂಬಿ, ಮೇಲೆ ಚರ್ಮ ಹಬ್ಬುವುದೇ ಮುಖ್ಯ. ಗಾಯದ ಸುತ್ತ ಸಿಲಿಕೋನ್ ಬಳೆಯನ್ನು ಹೊಲಿದು ಈ ಎಳೆತವನ್ನು ತಡೆಯುವ ವಿಧಾನ ಈಗ ಬಳಕೆಯಲ್ಲಿದೆ. ಹಳೆಯ ಅಧ್ಯಯನಗಳ ‘ಶೇಕಡಾವಾರು ಕುಗ್ಗುವಿಕೆ’ಯನ್ನು ಓದುವಾಗ ಇದು ನೆನಪಿನಲ್ಲಿರಬೇಕು.

ಕ್ರಿಯೆ

1990ರಲ್ಲಿ ಮಾಕಾರ್ ಮತ್ತು ಸಂಗಡಿಗರು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಮನುಷ್ಯರ ಚರ್ಮದ ಫೈಬ್ರೊಬ್ಲಾಸ್ಟ್ ಕೋಶಗಳಲ್ಲಿ ಒಂದೆಲಗದ ಸಾರ ಕೊಲಾಜನ್ ತಯಾರಿಯನ್ನು ಹೆಚ್ಚಿಸುವುದನ್ನು ತೋರಿಸಿದರು.

ಮನುಷ್ಯರಲ್ಲಿ

ಪುರಾವೆ ಇಲ್ಲಿ ತೆಳ್ಳಗಾಗುತ್ತದೆ. 2010ರಲ್ಲಿ ಪ್ರಕಟವಾದ ಥಾಯ್ಲೆಂಡಿನ ಅಧ್ಯಯನವೊಂದು 200 ಮಧುಮೇಹಿಗಳನ್ನು ಸೇರಿಸಿಕೊಂಡಿತ್ತು. ಸಾರದ ಕ್ಯಾಪ್ಸೂಲ್ ನುಂಗಿದವರ ಗಾಯ ಹೋಲಿಕೆಯ ಗುಂಪಿನವರದಕ್ಕಿಂತ ಚೆನ್ನಾಗಿ ಕುಗ್ಗಿತು. ಆದರೆ ಬೇರೆಡೆ ಒಂದೆಲಗವನ್ನು ಹಚ್ಚಿಕೊಂಡ ಕೆಲವರಿಗೆ ಚರ್ಮದ ಅಲರ್ಜಿ ಆದದ್ದೂ, ವಾರಗಟ್ಟಲೆ ನುಂಗಿದ ಮೂವರ ಯಕೃತ್ತಿಗೆ ತೊಂದರೆಯಾದದ್ದೂ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿದೆ.

ಗಿಡದ ಗುರುತು, ಸಾರದ ಅಳತೆ

ಮಾರುಕಟ್ಟೆಯಲ್ಲಿ ಬ್ರಾಹ್ಮಿ ಎಂದರೆ ಕೆಲವೆಡೆ ಒಂದೆಲಗ, ಕೆಲವೆಡೆ ನೀರುಬ್ರಾಹ್ಮಿ. ಎರಡರ ರಸಾಯನವೂ ಬೇರೆ. ಹಾಗಾಗಿ ಸಸ್ಯತಜ್ಞರಿಂದ ಗುರುತಿಸಿ ಒಣ ಮಾದರಿಯನ್ನು ಹರ್ಬೇರಿಯಂನಲ್ಲಿ ಇಡದೆ ಮಾಡಿದ ಪರೀಕ್ಷೆ ಅರ್ಧಕ್ಕೇ ನಿಲ್ಲುತ್ತದೆ. ಒಂದೇ ಗಿಡವಾದರೂ ಬೆಳೆದ ಊರು, ಕೊಯ್ದ ಕಾಲಕ್ಕೆ ತಕ್ಕಂತೆ ಏಷಿಯಾಟಿಕೋಸೈಡ್ ಏರಿಳಿಯುತ್ತದೆ. ಯುರೋಪಿನ ಔಷಧಕೋಶ ಒಣ ಗಿಡದಲ್ಲಿ ಏಷಿಯಾಟಿಕೋಸೈಡ್ ಸೇರುವ ಟ್ರೈಟರ್ಪೀನ್ ವರ್ಗದ ದ್ರವ್ಯಗಳು ಕನಿಷ್ಠ ಶೇ. 6 ಇರಬೇಕೆನ್ನುತ್ತದೆ. 2015ರಲ್ಲಿ ಭಾರತದ ಔಷಧ ನಿಯಮಗಳಿಗೆ ಸೇರಿದ ‘ಫೈಟೊಫಾರ್ಮಾಸ್ಯೂಟಿಕಲ್’ ವರ್ಗಕ್ಕೆ ಗಿಡದ ಸಾರದಲ್ಲಿ ಕನಿಷ್ಠ 4 ರಾಸಾಯನಿಕಗಳನ್ನು ಅಳೆದು ತೋರಿಸಬೇಕು. ಒಂದೆಲಗದ ಮಟ್ಟಿಗೆ ಏಷಿಯಾಟಿಕೋಸೈಡ್, ಮೆಡೆಕಾಸೋಸೈಡ್, ಏಷಿಯಾಟಿಕ್ ಆಮ್ಲ, ಮೆಡೆಕಾಸಿಕ್ ಆಮ್ಲ ಎಂಬ ನಾಲ್ಕು ಸಹಜವಾಗಿಯೇ ಕೈಗೆ ಸಿಗುತ್ತವೆ.